ಮುಂಗುರುಳಿನ ಚರಿತ್ರೆ: ಹಣೆಗೂದಲು, ಕತ್ತರಿ ಮತ್ತು ತೇವ

ಕನ್ನಡದಲ್ಲಿ ಹಣೆಯ ಮೇಲೆ ಬೀಳುವ ಕೂದಲಿಗೆ ಮುಂಗುರುಳು ಎಂಬ ಹೆಸರಿದ್ದು, ‘ಮುನ್’ ಎಂಬುದಕ್ಕೆ ‘ಕುರುಳು’ ಸೇರಿ ಕಕಾರಕ್ಕೆ ಗಕಾರ ಆದೇಶವಾಗಿ ಬಂದ ಈ ಪದದಲ್ಲಿ ಮುಂಭಾಗವೆಂಬ ಅರ್ಥ ಎಷ್ಟಿದೆಯೋ ಸುರುಳಿಯೆಂಬ ಅರ್ಥವೂ ಅಷ್ಟೇ ಇದೆ. ಕುರುಳು ಎಂದರೆ ಬರಿಯ ಕೂದಲಲ್ಲ, ಬಳುಕಿ ಸುತ್ತಿಕೊಂಡ ಕೂದಲು. ಇಂದಿನ ಬ್ಯೂಟಿ ಪಾರ್ಲರುಗಳಲ್ಲಿ ಇದೇ ಜಾಗದ ಕೂದಲನ್ನು ಹುಬ್ಬಿನ ಮಟ್ಟಕ್ಕೆ ಕತ್ತರಿಸಿ ಇಳಿಬಿಡುವ ಕ್ರಮಕ್ಕೆ ಫ್ರಿಂಜ್ ಎಂದೂ ಅಮೆರಿಕದ ರೂಢಿಯನ್ನು ಅನುಸರಿಸಿ ಬ್ಯಾಂಗ್ಸ್ ಎಂದೂ ಹೇಳುತ್ತಾರೆ, ಆದರೆ ಈ ಎರಡು ಪದಗಳಲ್ಲಿ ಸುರುಳಿಯ ಸುಳಿವೇ ಇಲ್ಲ. ಮೊದಲನೆಯದು ಬಟ್ಟೆಯ ಅಂಚಿಗೆ ಬಿಟ್ಟ ಕುಚ್ಚನ್ನು ನೆನಪಿಸಿದರೆ, ಎರಡನೆಯದು ಕುದುರೆಯ ಬಾಲವನ್ನು ಅಡ್ಡಕ್ಕೆ ಸಮನಾಗಿ ಕತ್ತರಿಸುವ ಲಾಯದ ರೂಢಿಗೆ ಸಂಬಂಧಿಸಿದ್ದು. ಅಲೆಅಲೆಯಾದ, ತೇವ ತಗುಲಿದೊಡನೆ ಎಳೆಗಳು ಒಂದಕ್ಕೊಂದು ಹೊಂದಿಕೊಳ್ಳದೆ ಕೆದರಿ ಏಳುವ ಕೂದಲುಳ್ಳ ಹೆಣ್ಣುಮಕ್ಕಳು ಫ್ರಿಂಜ್ ಮಾಡಿಸಬೇಕೋ ಬೇಡವೋ ಎಂದು ಇಂದು ತಿಂಗಳುಗಟ್ಟಲೆ ಯೋಚಿಸುವುದುಂಟು, ಮತ್ತು ಪಾರ್ಲರಿನವರು ಅನೇಕ ವೇಳೆ ಬೇಡವೆಂದೇ ಬುದ್ಧಿ ಹೇಳುವುದುಂಟು. ಈ ಹಿಂಜರಿಕೆ ಕೂದಲಿನ ಸ್ವಭಾವದಿಂದ ಹುಟ್ಟಿದ್ದೆಂದು ಮೇಲುನೋಟಕ್ಕೆ ಕಂಡರೂ ಅದರ ವಯಸ್ಸು ನೂರು ವರ್ಷಕ್ಕಿಂತ ಹೆಚ್ಚೇನೂ ಇಲ್ಲ; ಅದಕ್ಕೆ ಹಿಂದಿನ ಬಹುಕಾಲ, ಬಹುದೇಶಗಳಲ್ಲಿ ಹಣೆಗೂದಲು ಗುಂಗುರಾಗಿಯೇ ಇರಬೇಕಿತ್ತು, ಚಿಂತೆಗೆ ಬೀಳುತ್ತಿದ್ದವರು ನೆಟ್ಟನೆಯ ಕೂದಲಿನವರು.

ಭಾರತದ ಮಟ್ಟಿಗೆ ಇದಕ್ಕೆ ಸಿಗುವ ಸ್ಪಷ್ಟ ಸಾಕ್ಷ್ಯ ಒಂದು ನಿಘಂಟಿನಲ್ಲಿದೆ. ಗುಪ್ತರ ಕಾಲಕ್ಕೆ ಸೇರಿದವನೆಂದು ಸಾಮಾನ್ಯವಾಗಿ ಎಣಿಸಲಾಗುವ ಅಮರಸಿಂಹನು ತನ್ನ ಕೋಶದ ಮನುಷ್ಯವರ್ಗದಲ್ಲಿ ಅಲಕವೆಂದರೆ ಚೂರ್ಣಕುಂತಲ, ಅಂದರೆ ಸಣ್ಣಸಣ್ಣ ಸುರುಳಿಯಾದ ಕೂದಲು ಎಂದು ಹೇಳಿ, ಅದೇ ಸುರುಳಿ ಹಣೆಯ ಮೇಲಿದ್ದಾಗ ಅದಕ್ಕೆ ಭ್ರಮರಕ ಎಂಬ ಬೇರೆಯೇ ಹೆಸರನ್ನು ಕೊಡುತ್ತಾನೆ. ಭ್ರಮರವೆಂದರೆ ದುಂಬಿ, ಕಪ್ಪಗೆ, ದುಂಡಗೆ, ಮುಖಕಮಲದ ಅಂಚಿಗೆ ಮುತ್ತಿಕೊಂಡ ಮರಿದುಂಬಿಗಳ ಸಾಲು ಎಂಬ ಕಲ್ಪನೆ ಈ ಹೆಸರಿನ ಹಿಂದಿದೆ, ಮತ್ತು ಅದು ಕವಿಸಮಯವಾಗಿ ಬೆಳೆದು ಹಳಗನ್ನಡ, ನಡುಗನ್ನಡದ ಕಾವ್ಯಗಳಿಗೂ ‘ಅಳಕ’ವೆಂಬ ರೂಪದಲ್ಲಿ ಇಳಿದು ಬಂದಿತು. ನಿಘಂಟುಕಾರನೊಬ್ಬ ಹಣೆಯ ಮೇಲಿನ ಸುರುಳಿಗೆ ಪ್ರತ್ಯೇಕ ಪದವನ್ನು ದಾಖಲಿಸಬೇಕಾಯಿತೆಂದರೆ ಅದು ಆ ಕಾಲದಲ್ಲಿ ದಿನನಿತ್ಯ ಕಣ್ಣಿಗೆ ಬೀಳುತ್ತಿದ್ದ ಅಲಂಕಾರವಾಗಿತ್ತೆಂದು ತಿಳಿಯಲು ಅಡ್ಡಿಯಿಲ್ಲ. ಹುಡುಗರ ಕೆನ್ನೆಯ ಪಕ್ಕಕ್ಕೆ ಬಿಟ್ಟ ಕೂದಲಿಗೂ ಇದೇ ಕೋಶದಲ್ಲಿ ಕಾಕಪಕ್ಷವೆಂಬ ಹೆಸರಿದೆ. ಯಾಗರಕ್ಷಣೆಗೆಂದು ವಿಶ್ವಾಮಿತ್ರನು ದಶರಥನ ಬಳಿ ಕೇಳಿಕೊಂಡು ಬಂದ ರಾಮನನ್ನು ವಾಲ್ಮೀಕಿ ವರ್ಣಿಸುವುದು ಈ ಕಾಗೆರೆಕ್ಕೆಯ ಜುಟ್ಟಿನ ಬಾಲಕನೆಂದೇ.

ಉತ್ತರ ಪ್ರದೇಶದ ಅಹಿಚ್ಛತ್ರದ ಉತ್ಖನನದಲ್ಲಿ ದೊರೆತು ಈಗ ದೆಹಲಿಯ ರಾಷ್ಟ್ರೀಯ ಸಂಗ್ರಹಾಲಯದಲ್ಲಿರುವ ಸುಟ್ಟಮಣ್ಣಿನ ಪಾರ್ವತಿಯ ತಲೆಯಲ್ಲಿ ಭ್ರಮರಕಗಳನ್ನು ಹತ್ತಿರದಿಂದ ನೋಡಬಹುದು. ಹಣೆಯ ಮೇಲಂಚಿನುದ್ದಕ್ಕೂ ಬಸವನಹುಳುವಿನ ಚಿಪ್ಪಿನಂತೆ ಸುತ್ತಿದ ಪುಟ್ಟ ಸುರುಳಿಗಳನ್ನು ಒತ್ತೊತ್ತಾಗಿ ಜೋಡಿಸಿದ್ದು, ಹಿಂದಿನ ಕೂದಲನ್ನು ಅದಕ್ಕೆ ವಿರುದ್ಧವಾಗಿ ಒಪ್ಪವಾಗಿ ಎತ್ತಿ ಕಟ್ಟಲಾಗಿದೆ. ಮುಂದೆ ಗುಂಗುರು, ಹಿಂದೆ ನಯ ಎಂಬ ಈ ವಿಂಗಡಣೆಯೇ ಆ ಅಲಂಕಾರದ ಜೀವ. ವಾರಾಣಸಿಯ ರಾಜಘಾಟದಲ್ಲಿ ದೊರೆತ ಮಣ್ಣಿನ ತಲೆಗಳ ಕೇಶವಿನ್ಯಾಸಗಳನ್ನು ವಾಸುದೇವ ಶರಣ ಅಗ್ರವಾಲರು ಸಂಸ್ಕೃತ ಕಾವ್ಯಗಳ ಪದಗಳೊಂದಿಗೆ ಹೋಲಿಸಿ ವಿಂಗಡಿಸಿದಾಗ, ಕವಿಗಳು ಹೇಳುವ ಅಲಕಾವಳಿ ಬರಿಯ ವರ್ಣನೆಯಲ್ಲ, ಜನ ತೊಟ್ಟು ತಿರುಗುತ್ತಿದ್ದ ರೂಪವೆಂಬುದು ಇನ್ನಷ್ಟು ಖಚಿತವಾಯಿತು. ಅಜಂತೆಯ ಭಿತ್ತಿಚಿತ್ರಗಳ ಸ್ತ್ರೀಯರ ಹಣೆಯ ಮೇಲೂ ಇಂಥ ಎಳೆಗಳು ಇಳಿದಿವೆ. 578ರಲ್ಲಿ ಚಾಲುಕ್ಯ ಮಂಗಳೇಶನು ಪೂರ್ಣಗೊಳಿಸಿದ ಬಾದಾಮಿಯ ಮೂರನೆಯ ಗುಹೆಯಲ್ಲಿ ಕಂಬಗಳ ಮೇಲಿನ ದಂಪತಿ ಶಿಲ್ಪಗಳು ಕೇಶವಿನ್ಯಾಸದ ಒಂದು ಕಿರು ಪ್ರದರ್ಶನದಂತಿವೆ. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯದ ದರ್ಪಣಸುಂದರಿಯು ಕನ್ನಡಿ ಹಿಡಿದು ನೋಡಿಕೊಳ್ಳುತ್ತಿರುವುದು ಮುಖವನ್ನೆಂದು ಸಾಮಾನ್ಯವಾಗಿ ಹೇಳುತ್ತಾರಾದರೂ, ಅಲಂಕಾರ ಮುಗಿದ ಮೇಲೆ ಕನ್ನಡಿ ಕೇಳುವುದು ಮುಖಕ್ಕಿಂತ ತಲೆಯನ್ನು ನೋಡಿಕೊಳ್ಳಲು ಎಂಬುದನ್ನು ಹೆಣ್ಣುಮಕ್ಕಳಿರುವ ಮನೆಯವರು ಬಲ್ಲರು.

ಇಷ್ಟಾದರೂ ಈ ಯಾವ ಮುಂಗುರುಳೂ ಇಂದಿನ ಅರ್ಥದ ಫ್ರಿಂಜ್ ಅಲ್ಲ ಎಂಬುದನ್ನು ಗಮನಿಸಬೇಕು, ಏಕೆಂದರೆ ಕನ್ನಡನಾಡಿನ ಗೃಹಸ್ಥ ಜೀವನದಲ್ಲಿ ಮುಂಗುರುಳು ತಾನಾಗಿ ಜಾರಿ ಬೀಳಬಹುದಿತ್ತೇ ಹೊರತು ಅದಕ್ಕೆ ಕತ್ತರಿ ತಾಗುವಂತಿರಲಿಲ್ಲ. ಮದುವೆಯಾದ ಹೆಣ್ಣಿನ ತಲೆಯ ಮೇಲಿನ ಮುಖ್ಯ ಗೆರೆ ಬೈತಲೆ, ಅಂದರೆ ನಡುನೆತ್ತಿಯಿಂದ ಕೂದಲನ್ನು ಎರಡು ಪಾಲು ಮಾಡುವ ಗೆರೆ. ಅದಕ್ಕೆ ಬೈತಲೆಬೊಟ್ಟು ಎಂಬ ಒಡವೆಯೂ ಇದೆ, ಅದರ ಹೆಸರಿನದೇ ಒಂದು ಸಂಸ್ಕಾರವೂ ಇದೆ. ಬಸುರಿಗೆ ಮಾಡುವ ಸೀಮಂತವು ಗೃಹ್ಯಸೂತ್ರಗಳ ಸೀಮಂತೋನ್ನಯನವೇ ಆಗಿದ್ದು, ಸೀಮಂತವೆಂದರೆ ಬೈತಲೆ, ಉನ್ನಯನವೆಂದರೆ ಮೇಲಕ್ಕೆ ತೆಗೆಯುವುದು; ಗಂಡನು ಮೂರು ಬಿಳಿಯ ಮಚ್ಚೆಗಳುಳ್ಳ ಮುಳ್ಳುಹಂದಿಯ ಮುಳ್ಳಿನಿಂದ ಹೆಂಡತಿಯ ಕೂದಲನ್ನು ಹಣೆಯಿಂದ ಹಿಂದಕ್ಕೆ ಬಿಡಿಸಬೇಕೆಂಬುದು ಅದರ ವಿಧಿ. ಹಣೆಯ ಕೂದಲನ್ನು ಹಿಂದಕ್ಕೆ ತೆಗೆಯುವುದೇ ಮಂಗಳವಾದ ಕಡೆ ಅದನ್ನು ಮುಂದಕ್ಕೆ ಎಳೆದು ಕತ್ತರಿಸುವುದು ಒಪ್ಪಿಗೆಯಾಗುವುದು ಕಷ್ಟವೇ ಸರಿ. ಹಣೆ ಕುಂಕುಮದ ಜಾಗವೂ ಆಗಿದ್ದರಿಂದ ಅದನ್ನು ಮುಚ್ಚುವ ಕೂದಲು ಹಿರಿಯರ ಕಣ್ಣಿಗೆ ‘ಬೋಳು ಹಣೆ’ಯ ಹತ್ತಿರದ ನೆಂಟನಂತೆ ಕಾಣುತ್ತಿತ್ತು.

ಕತ್ತರಿಯ ಮೇಲಿನ ನಿಷೇಧಕ್ಕೆ ಇನ್ನೂ ಕಠೋರವಾದ ಕಾರಣವಿತ್ತು. ಹೆಣ್ಣಿನ ಕೂದಲು ಕ್ಷೌರಿಕನ ಕೈಗೆ ಹೋಗುತ್ತಿದ್ದ ಸಂದರ್ಭಗಳು ಮೂರೋ ನಾಲ್ಕೋ. ಎಳೆಯ ಮಗುವಿನ ಜವಳ, ತಿರುಪತಿಯಂಥ ಕ್ಷೇತ್ರಕ್ಕೆ ಹೇಳಿಕೊಂಡ ಮುಡಿ, ಕೆಲವೊಮ್ಮೆ ದೀರ್ಘಕಾಲದ ಕಾಯಿಲೆ, ಮತ್ತು ಬ್ರಾಹ್ಮಣ ಮನೆಗಳಲ್ಲಿ ವೈಧವ್ಯ. ಬಾಲವಿಧವೆಯ ಕೇಶಮುಂಡನದ ಬಗ್ಗೆ ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿಯೂ ಅದನ್ನು ಆಧರಿಸಿ ಪ್ರೇಮಾ ಕಾರಂತರು ಮಾಡಿದ ಚಲನಚಿತ್ರವೂ ಕನ್ನಡಿಗರಿಗೆ ಸಾಕಷ್ಟು ಹೇಳಿವೆ. ಹೀಗಾಗಿ ‘ಕೂದಲು ಕತ್ತರಿಸುವುದು’ ಎಂಬ ಮಾತು ಸುಮಂಗಲಿಯ ಮಟ್ಟಿಗೆ ಅಪಶಕುನದ ಮಾತಾಗಿತ್ತು; ಕೆದರಿದ ತಲೆ ದುಃಖದ, ರೋಷದ, ಮೈಮೇಲೆ ಬಂದುದರ ಗುರುತಾಗಿತ್ತು, ರನ್ನನ ಗದಾಯುದ್ಧದಲ್ಲಿ ದ್ರೌಪದಿಯ ಬಿಚ್ಚಿದ ಮುಡಿ ಮತ್ತೆ ಕಟ್ಟಿಕೊಳ್ಳಬೇಕಾದರೆ ಒಂದು ಯುದ್ಧವೇ ಮುಗಿಯಬೇಕಾಯಿತು. ಮುಂದಲೆ ಹಿಡಿದು ಎಳೆಯುವುದೆಂದರೆ ಕನ್ನಡದಲ್ಲಿ ಇಂದಿಗೂ ಅವಮಾನದ ಕೊನೆಯ ಮಟ್ಟ. ಇವೆಲ್ಲದರ ನಡುವೆ ಗುಂಗುರು ಕೂದಲಿನ ಹುಡುಗಿಯನ್ನು ಮಣೆಯ ಮೇಲೆ ಕೂರಿಸಿ, ಹರಳೆಣ್ಣೆಯನ್ನೋ ಕೊಬ್ಬರಿಯೆಣ್ಣೆಯನ್ನೋ ನೆತ್ತಿಗೆ ಒತ್ತಿ, ಹಣೆಯಂಚಿನ ಮರಿಗೂದಲೂ ಏಳದಂತೆ ಬಿಗಿಯಾಗಿ ಬಾಚಿ ಎರಡು ಜಡೆ ಹಾಕುತ್ತಿದ್ದ ಅಜ್ಜಿಯರು ಸೌಂದರ್ಯಕ್ಕಿಂತ ಹೆಚ್ಚಾಗಿ ಶಿಸ್ತನ್ನು ಕಾಪಾಡುತ್ತಿದ್ದರು. ಗಂಡಸರ ಕತೆಯೂ ಇದಕ್ಕಿಂತ ತೀರ ಬೇರೆಯಲ್ಲ; ಜುಟ್ಟು ತೆಗೆಸಿ ‘ಕ್ರಾಪು’ ಬಿಟ್ಟುಕೊಂಡ ಮೊದಲ ತಲೆಮಾರಿನ ಹುಡುಗರು ಮನೆಯಲ್ಲಿ ಕೇಳಿಸಿಕೊಂಡ ಮಾತುಗಳು ಕಡಿಮೆಯೇನಲ್ಲ.

ಪಶ್ಚಿಮದಲ್ಲಿ ಹಣೆಯ ಗುಂಗುರು ಅತಿ ಎತ್ತರಕ್ಕೆ ಏರಿದ್ದು ರೋಮಿನಲ್ಲಿ, ಕ್ರಿ. ಶ. 69ರಿಂದ 96ರವರೆಗೆ ಆಳಿದ ಫ್ಲೇವಿಯನ್ ಚಕ್ರವರ್ತಿಗಳ ಕಾಲದಲ್ಲಿ. ಆಗಿನ ಸಿರಿವಂತ ಸ್ತ್ರೀಯರು ಹಣೆಯ ಮೇಲೆ ಸುರುಳಿಗಳನ್ನು ಅಂತಸ್ತಿನ ಮೇಲೆ ಅಂತಸ್ತಾಗಿ, ಜೇನುಹಟ್ಟಿಯಂತೆ ಕಟ್ಟಿಸಿಕೊಳ್ಳುತ್ತಿದ್ದರು. ರೋಮಿನ ಕ್ಯಾಪಿಟೋಲಿನ್ ಸಂಗ್ರಹಾಲಯದಲ್ಲಿರುವ ಫೊನ್ಸೇಕಾ ಎಂಬ ಹೆಸರಿನ ಅಮೃತಶಿಲೆಯ ಪ್ರತಿಮೆಯಲ್ಲಿ ಶಿಲ್ಪಿಯು ಪ್ರತಿ ಸುರುಳಿಯ ನಡುವಿಗೂ ಬೈರಿಗೆಯಿಂದ ಆಳವಾದ ತೂತು ಕೊರೆದು, ನೆರಳು ಒಳಗೆ ನಿಂತು ಕೂದಲು ಕಪ್ಪಾಗಿ ಕಾಣುವಂತೆ ಮಾಡಿದ್ದಾನೆ. ಈ ಸುರುಳಿಗೆ ಬಳಸುತ್ತಿದ್ದ ಉಪಕರಣ ಕಲಮಿಸ್ಟ್ರಮ್, ಅಂದರೆ ಕೆಂಡದ ಬೂದಿಯಲ್ಲಿ ಕಾಯಿಸುವ ಕಬ್ಬಿಣದ ಸಲಾಕೆ. ಅದನ್ನು ಕಾಯಿಸಿ ಕೊಡುವ ಆಳಿಗೆ ಬೂದಿಯ ಹೆಸರಿನಿಂದಲೇ ಸಿನೆರಾರಿಯಸ್ ಎಂಬ ಹೆಸರು ಬಂದಿತ್ತು, ತಲೆ ಬಾಚಿ ಕಟ್ಟುವ ದಾಸಿಗೆ ಓರ್ನಾಟ್ರಿಕ್ಸ್ ಎನ್ನುತ್ತಿದ್ದರು. ಮುಂದಿನಿಂದ ನೋಡಿದರೆ ಮಹಾಕಾವ್ಯದ ನಾಯಕಿಯಷ್ಟು ಎತ್ತರ, ಹಿಂದಿನಿಂದ ನೋಡಿದರೆ ಬೇರೆಯೇ ಹೆಂಗಸು ಎಂದು ಕವಿ ಜುವೆನಾಲನು ಈ ಅಲಂಕಾರವನ್ನು ಗೇಲಿ ಮಾಡಿದನು. ಒಂದೇ ಒಂದು ಸುರುಳಿ ಸರಿಯಾಗಿ ನಿಲ್ಲಲಿಲ್ಲವೆಂದು ಒಡತಿಯೊಬ್ಬಳು ಕನ್ನಡಿಯಿಂದಲೇ ದಾಸಿಯನ್ನು ಹೊಡೆದ ಪ್ರಸಂಗ ಮಾರ್ಷಿಯಲನ ಚುಟುಕವೊಂದರ ವಸ್ತು. ಬಾಲ್ಟಿಮೋರಿನ ಕೇಶವಿನ್ಯಾಸಕಿ ಜಾನೆಟ್ ಸ್ಟೀಫನ್ಸ್ ಈ ತಲೆಗಳನ್ನು ಜೀವಂತ ಕೂದಲಿನಲ್ಲಿ ಮತ್ತೆ ಕಟ್ಟಿ ನೋಡಿ, ಜಡೆಗಳನ್ನು ಪಿನ್ನಿನಿಂದಲ್ಲ, ಸೂಜಿ ದಾರದಿಂದ ಹೊಲಿದು ನಿಲ್ಲಿಸುತ್ತಿದ್ದರೆಂದು 2008ರಲ್ಲಿ ರೋಮನ್ ಪುರಾತತ್ವದ ವಿದ್ವತ್ಪತ್ರಿಕೆಯಲ್ಲಿ ಪ್ರತಿಪಾದಿಸಿದ್ದು, ವೃತ್ತಿಯ ಕೈಯರಿವು ಗ್ರಂಥಪಾಂಡಿತ್ಯವನ್ನು ತಿದ್ದಿದ ಒಳ್ಳೆಯ ನಿದರ್ಶನ. ಮುಖದ ಆಕಾರ ನೋಡಿ ಕೂದಲಿನ ರೀತಿಯನ್ನು ಆರಿಸಬೇಕೆಂಬ, ಇಂದು ಪ್ರತಿ ಪಾರ್ಲರಿನಲ್ಲೂ ಕೇಳಿಬರುವ ಸಲಹೆಯೂ ಅಲ್ಲಿಯದೇ. ಉದ್ದ ಮುಖಕ್ಕೆ ಸರಳ ಬೈತಲೆ, ದುಂಡು ಮುಖಕ್ಕೆ ಕಿವಿ ಕಾಣುವಂತೆ ಮೇಲಕ್ಕೆ ಕಟ್ಟಿದ ಗಂಟು ಎಂದು ಫ್ಲೇವಿಯನ್ನರಿಗಿಂತ ಎರಡು ತಲೆಮಾರು ಹಿಂದೆಯೇ ಓವಿಡ್ ಕವಿ ಹೇಳಿಟ್ಟಿದ್ದನು.

ಇಂದಿನ ಫ್ರಿಂಜಿನ ನೇರ ಪೂರ್ವಜ ಮಾತ್ರ ರೋಮಿನದಲ್ಲ, ವಿಕ್ಟೋರಿಯಾ ಕಾಲದ ಇಂಗ್ಲೆಂಡಿನದು. 1863ರಲ್ಲಿ ಯುವರಾಜನನ್ನು ಮದುವೆಯಾಗಿ ಬಂದ ಡೆನ್ಮಾರ್ಕಿನ ಅಲೆಕ್ಸಾಂಡ್ರಾ ಮುಂದೆ ಹಣೆಯ ಮೇಲೆ ಗುಂಗುರು ಗುಂಗುರಾಗಿ ಬಿಟ್ಟ ಚಿಕ್ಕ ಕೂದಲು 1870 ಮತ್ತು 80ರ ದಶಕಗಳಲ್ಲಿ ದೇಶದ ಫ್ಯಾಶನ್ನಾಯಿತು. ಆಕೆಯ ಸೊಸೆ, ಮುಂದೆ ರಾಣಿಯಾದ ಮೇರಿ, ಯೌವನದ ಆ ಗುಂಗುರು ಫ್ರಿಂಜನ್ನು 1953ರಲ್ಲಿ ತೀರಿಕೊಳ್ಳುವವರೆಗೂ ಬಿಡಲಿಲ್ಲ. ಆಗಿನ ಫ್ರಿಂಜ್ ಎಂದರೆ ಕೆದರಿದ, ನೊರೆಯಂತೆ ಉಬ್ಬಿದ ಕೂದಲೇ ಆಗಿದ್ದು, ಇಂದು ದೋಷವೆಂದು ಎಣಿಸುವ ಆ ಕೆದರುವಿಕೆಯನ್ನು ಹಣ ಕೊಟ್ಟು ಮಾಡಿಸಿಕೊಳ್ಳುತ್ತಿದ್ದರು. ಹುಟ್ಟಿನಿಂದ ಗುಂಗುರು ಇಲ್ಲದವರು ರಾತ್ರಿ ಹಣೆಗೂದಲನ್ನು ಕಾಗದದ ಚೂರುಗಳಿಗೆ ಸುತ್ತಿ ಮಲಗುತ್ತಿದ್ದರು, ಬೆಳಿಗ್ಗೆ ಕಾದ ಇಕ್ಕಳದಿಂದ ಸುರುಳಿ ಮಾಡುತ್ತಿದ್ದರು, ಅದು ನಿಲ್ಲಲೆಂದು ಬ್ಯಾಂಡೊಲಿನ್ ಎಂಬ ಲೋಳೆಯನ್ನು ಹಚ್ಚುತ್ತಿದ್ದರು. ಸೇಬಿನ ಜಾತಿಗೆ ಹತ್ತಿರದ ಕ್ವಿನ್ಸ್ ಹಣ್ಣಿನ ಬೀಜವನ್ನು ನೀರಿನಲ್ಲಿ ನೆನೆಸಿದಾಗ ಬರುವ ಅಂಟು ಅದಾಗಿತ್ತು. ಇದಾವುದೂ ಒಗ್ಗದವರು ಕೃತಕ ಫ್ರಿಂಜನ್ನೇ ಕೊಂಡು ಪಿನ್ನು ಹಾಕಿಕೊಳ್ಳುತ್ತಿದ್ದರು, ಮತ್ತು ಗಾಳಿಗೆ ಚೆದರದಂತೆ ಅದರ ಮೇಲೆ ಕೂದಲಿನಷ್ಟೇ ನವಿರಾದ, ಕಣ್ಣಿಗೆ ಕಾಣದ ಬಲೆಯನ್ನು ಹೊದಿಸುತ್ತಿದ್ದರು.

ಈ ಇಕ್ಕಳದ ಅಪಾಯವನ್ನು ಮಕ್ಕಳ ಸಾಹಿತ್ಯ ಮರೆಯದೆ ದಾಖಲಿಸಿದೆ. 1868ರಲ್ಲಿ ಬಂದ ಲೂಯಿಸಾ ಮೇ ಆಲ್ಕಾಟರ ‘ಲಿಟ್ಲ್ ವಿಮೆನ್’ ಕಾದಂಬರಿಯಲ್ಲಿ ಔತಣಕ್ಕೆ ಹೊರಟ ಅಕ್ಕ ಮೆಗ್‌ಳ ಮುಂದಲೆಯ ಕೂದಲನ್ನು ಕಾಗದಕ್ಕೆ ಸುತ್ತಿ ತಂಗಿ ಜೋ ಕಾದ ಇಕ್ಕಳದಿಂದ ಹಿಡಿಯುತ್ತಾಳೆ. ಕಮಟು ವಾಸನೆ ಏಳುತ್ತದೆ, ಕಾಗದ ಬಿಚ್ಚಿದರೆ ಸುರುಳಿಗಳ ಬದಲು ಸುಟ್ಟ ಕೂದಲಿನ ಕಟ್ಟುಗಳೇ ಕಾಗದದ ಜೊತೆಗೆ ಕೈಗೆ ಬರುತ್ತವೆ, ಹಣೆಯ ಮೇಲೆ ಮೋಟುಗೂದಲು ಉಳಿಯುತ್ತದೆ. ಲಾರಾ ಇಂಗಲ್ಸ್ ವೈಲ್ಡರ್ 1880ರ ದಶಕದ ಡಕೋಟಾ ಬಯಲಿನ ತನ್ನ ಹುಡುಗಿತನವನ್ನು ಆಧರಿಸಿ ಬರೆದ ‘ಲಿಟ್ಲ್ ಟೌನ್ ಆನ್ ದ ಪ್ರೇರಿ’ ಪುಸ್ತಕದಲ್ಲಿ ಸಲಾಕೆಯೂ ಇಲ್ಲದ ಬಡ ಮನೆಯ ಲಾರಾ, ಬಳಪದ ಕಡ್ಡಿಯನ್ನು ದೀಪದ ಚಿಮಣಿಯೊಳಗೆ ಇಳಿಬಿಟ್ಟು ಕಾಯಿಸಿ ಅದಕ್ಕೆ ಹೊಸದಾಗಿ ಕತ್ತರಿಸಿದ ಹಣೆಗೂದಲನ್ನು ಸುತ್ತಿಕೊಳ್ಳುತ್ತಾಳೆ. ಆ ಪುಸ್ತಕದಲ್ಲಿ ಅಪ್ಪ ಮಗಳ ಹಣೆಗೂದಲನ್ನು ‘ಲೂನಾಟಿಕ್ ಫ್ರಿಂಜ್’, ಅಂದರೆ ಹುಚ್ಚರ ಕುಚ್ಚು ಎಂದು ಕರೆಯುವುದು 1870ರ ದಶಕದಿಂದ ಅಮೆರಿಕದಲ್ಲಿ ಚಾಲ್ತಿಯಲ್ಲಿದ್ದ ಹಾಸ್ಯ. 1913ರಲ್ಲಿ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಆಧುನಿಕ ಕಲಾಪ್ರದರ್ಶನವೊಂದರ ಬಗ್ಗೆ ಬರೆಯುತ್ತ ಅದೇ ಮಾತನ್ನು ಅತಿರೇಕಿಗಳ ಗುಂಪಿಗೆ ಅನ್ವಯಿಸಿದ ಮೇಲೆ ಅದು ರಾಜಕೀಯದ ನುಡಿಗಟ್ಟಾಗಿ ಉಳಿಯಿತು, ಅದರ ಮೂಲದಲ್ಲಿದ್ದ ಹುಡುಗಿಯರ ಕೂದಲು ಮರೆತುಹೋಯಿತು. ಇಕ್ಕಳದ ವಿಷಯಕ್ಕೆ ಮರಳಿದರೆ, ಪ್ಯಾರಿಸ್ಸಿನ ಮಾರ್ಸೆಲ್ ಗ್ರಾತೋ 1872ರ ಹೊತ್ತಿಗೆ ರೂಢಿಗೆ ತಂದ ಇಕ್ಕಳ ಕೂದಲನ್ನು ಸುರುಳಿ ಸುತ್ತುವುದರ ಬದಲು ಸಡಿಲವಾದ ಅಲೆಯನ್ನು ಮೂಡಿಸುತ್ತಿತ್ತು. ಇಕ್ಕಳವನ್ನು ಮೊದಲು ಕಾಗದಕ್ಕೆ ಹಿಡಿದು, ಕಾಗದ ಕಂದಿದರೆ ಆರಲು ಬಿಡುವುದು ಕಸಬುದಾರರ ರೂಢಿ. ಹುಟ್ಟಿನಿಂದ ಅಲೆಗೂದಲುಳ್ಳವರಿಗೆ ಪುಕ್ಕಟೆಯಾಗಿ ಬಂದದ್ದು ಮಾರ್ಸೆಲನಿಗೆ ಸಂಪತ್ತನ್ನೇ ತಂದುಕೊಟ್ಟಿತು.

ಗುಂಗುರಿನ ಕಾಲಕ್ಕೂ ನೆಟ್ಟನೆಯ ಕಾಲಕ್ಕೂ ಸಮಾನವಾದ ಶತ್ರು ಒಂದಿತ್ತು, ಅದು ಗಾಳಿಯ ತೇವ. ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಅದರ ಎಳೆಗಳನ್ನು ಗಂಧಕದ ಗಟ್ಟಿ ಬೆಸುಗೆಗಳೂ, ಹೈಡ್ರೋಜನ್ ಬಂಧಗಳೆಂಬ ಸಡಿಲ ಬೆಸುಗೆಗಳೂ ಹಿಡಿದಿಟ್ಟಿರುತ್ತವೆ. ಸಡಿಲ ಬೆಸುಗೆಗಳು ನೀರು ತಾಗಿದರೆ ಬಿಚ್ಚಿಕೊಂಡು, ಒಣಗಿದಾಗ ಕೂದಲು ಯಾವ ಆಕಾರದಲ್ಲಿದೆಯೋ ಆ ಆಕಾರದಲ್ಲೇ ಮತ್ತೆ ಕೂಡಿಕೊಳ್ಳುತ್ತವೆ. ಇಕ್ಕಳ, ಇಸ್ತ್ರಿ, ಕಾಗದದ ಸುತ್ತು ಇವೆಲ್ಲ ಕೆಲಸ ಮಾಡುವುದು ಈ ಸಡಿಲ ಬೆಸುಗೆಗಳ ಮೇಲೆ ಮಾತ್ರ. ಆದ್ದರಿಂದ ಮಳೆಯ ದಿನ ಸುರುಳಿ ಮಾಡಿದ ನೇರ ಕೂದಲು ಜೋತುಬೀಳುವುದೂ ನೇರ ಮಾಡಿದ ಅಲೆಗೂದಲು ಎದ್ದು ನಿಲ್ಲುವುದೂ ಒಂದೇ ಕಾರಣದಿಂದ, ಕೂದಲು ತನ್ನ ಹುಟ್ಟುಗುಣಕ್ಕೆ ಮರಳುವುದರಿಂದ. ಜಿನೀವಾದ ವಿಜ್ಞಾನಿ ಒರಾಸ್ ಬೆನೆಡಿಕ್ಟ್ ದ ಸೊಸ್ಯೂರ್ ಈ ಚಪಲತೆಯನ್ನೇ ಉಪಕರಣವಾಗಿಸಿ, ಒಂದು ಕೂದಲೆಳೆಗೆ ಮುಳ್ಳನ್ನು ಕಟ್ಟಿ ಗಾಳಿಯ ತೇವವನ್ನು ಅಳೆಯುವ ಕ್ರಮವನ್ನು 1783ರ ತನ್ನ ಗ್ರಂಥದಲ್ಲಿ ವಿವರಿಸಿದನು. ಒಣ ಗಾಳಿಯಿಂದ ಪೂರ್ಣ ತೇವದ ಗಾಳಿಗೆ ಹೋಗುವಾಗ ಕೂದಲು ನೂರಕ್ಕೆ ಸುಮಾರು ಎರಡರಿಂದ ಎರಡೂವರೆ ಪಾಲು ಉದ್ದವಾಗುತ್ತದೆ, ಮತ್ತು 20ನೇ ಶತಮಾನದಲ್ಲೂ ಹವಾಮಾನ ಕೇಂದ್ರಗಳ ಪೆಟ್ಟಿಗೆಗಳಲ್ಲಿ ಮನುಷ್ಯರ ಕೂದಲು ಈ ಕೆಲಸ ಮಾಡುತ್ತಿತ್ತು. ಕೂದಲು ಚುರುಕಾಗಿ ಸ್ಪಂದಿಸಲೆಂದು ಸೊಸ್ಯೂರ್ ಅದನ್ನು ಸೋಡಾದ ನೀರಿನಲ್ಲಿ ಕುದಿಸಿ ಜಿಡ್ಡು ತೆಗೆಯುತ್ತಿದ್ದನು ಎಂಬುದು ಇಲ್ಲಿ ವಿಶೇಷವಾಗಿ ಗಮನಿಸಬೇಕಾದ ವಿವರ. ಹರಳೆಣ್ಣೆ ಒತ್ತುತ್ತಿದ್ದ ಅಜ್ಜಿಯರು ಮಾಡುತ್ತಿದ್ದುದು ಸರಿಯಾಗಿ ಇದರ ವಿರುದ್ಧ ಪ್ರಯೋಗ.

ಹಣೆಯ ಮೇಲೆ ನೇರವಾಗಿ, ಗೆರೆ ಎಳೆದಂತೆ ಕತ್ತರಿಸಿದ ಕೂದಲು ಪೂರ್ವ ಏಷ್ಯಾದಲ್ಲಿ ಹಳೆಯದು. ಚೀನೀ ಭಾಷೆಯಲ್ಲಿ ಅದರ ಹೆಸರು ಲಿಯುಹಾಯ್, ಹಣೆಗೂದಲು ಬಿಟ್ಟ ಬಾಲಕನಂತೆ ಚಿತ್ರಿತನಾಗುವ ಸಿದ್ಧಪುರುಷ ಲಿಯು ಹಾಯ್‌ನಿಂದ ಬಂದದ್ದು. ಜಪಾನಿನಲ್ಲಿ ಹುಡುಗನು ಪ್ರಾಯಕ್ಕೆ ಬಂದಾಗ ಮುಂದಲೆಯ ಕೂದಲನ್ನು ತೆಗೆಸುವುದೇ ಒಂದು ಸಂಸ್ಕಾರವಾಗಿತ್ತು. ಪಶ್ಚಿಮದಲ್ಲಿ ನೇರ ಫ್ರಿಂಜ್ ವಯಸ್ಕ ಹೆಂಗಸರ ಫ್ಯಾಶನ್ನಾಗಿ ನೆಲೆಯೂರಿದ್ದು 1920ರ ದಶಕದಲ್ಲಿ, ಕೊಲೀನ್ ಮೂರ್ ಮತ್ತು ಲೂಯಿಸ್ ಬ್ರೂಕ್ಸ್ ಎಂಬ ಮೂಕಿಚಿತ್ರಗಳ ನಟಿಯರ ಬಾಬ್ ಕಟ್ಟಿನ ಮೂಲಕ. ಕಪ್ಪುಬಿಳುಪಿನ ಪರದೆಯ ಮೇಲೆ ಬ್ರೂಕ್ಸಳ ತಲೆ ಮೆರುಗೆಣ್ಣೆ ಹಚ್ಚಿದ ಶಿರಸ್ತ್ರಾಣದಂತೆ ಕಾಣುತ್ತಿದ್ದು, ಅದನ್ನು ನೋಡಿದ ಕಣ್ಣಿಗೆ ಅಲೆಕ್ಸಾಂಡ್ರಾಳ ಗುಂಗುರು ಮುತ್ತಜ್ಜಿಯ ಕಾಲದ ಕಸೂತಿಯಂತೆ ತೋರಿತು. ನಲವತ್ತು ವರ್ಷಗಳ ನಂತರ ಲಂಡನ್ನಿನ ವಿಡಾಲ್ ಸಸೂನ್ ಜ್ಯಾಮಿತಿಯ ಕತ್ತರಿಯನ್ನು ತಂದನು; 1964ರ ಅವನ ಐದು ಮೊನೆಗಳ ಕಟ್ ದಿನವೂ ಕೂದಲು ಸುತ್ತುವ ದಾಸ್ಯದಿಂದ ಹೆಂಗಸರನ್ನು ಬಿಡಿಸಿತೆಂದು ಹೊಗಳಲಾಯಿತು. ಈ ಹೊಗಳಿಕೆಯಲ್ಲಿ ಸತ್ಯವಿದ್ದರೂ ಬಿಡುಗಡೆ ಸಿಕ್ಕಿದ್ದು ನೇರ ಕೂದಲಿನವರಿಗೆ ಮಾತ್ರ. ಅದೇ ದಶಕದಲ್ಲಿ ಅಲೆಗೂದಲಿನ ಹುಡುಗಿಯರು ಬಟ್ಟೆ ಇಸ್ತ್ರಿ ಮಾಡುವ ಹಲಗೆಯ ಮೇಲೆ ತಲೆಯಿಟ್ಟು ಕೂದಲಿಗೆ ಇಸ್ತ್ರಿ ಹಾಕಿಸಿಕೊಳ್ಳುತ್ತಿದ್ದರು. ಇಕ್ಕಳ ಹೋಗಿ ಇಸ್ತ್ರಿಪೆಟ್ಟಿಗೆ ಬಂದಿತ್ತು, ಸರದಿ ಬದಲಾಗಿತ್ತು, ಅಷ್ಟೇ.

ಭಾರತಕ್ಕೆ ಈ ನೇರ ಫ್ರಿಂಜ್ ಬಂದ ದಾರಿ ಸಿನಿಮಾದ್ದು. 1960ರಲ್ಲಿ ತೆರೆಗೆ ಬಂದ, ಆರ್. ಕೆ. ನಯ್ಯರ್ ನಿರ್ದೇಶನದ ‘ಲವ್ ಇನ್ ಸಿಮ್ಲಾ’ ಚಿತ್ರದಲ್ಲಿ, ಕರಾಚಿಯಲ್ಲಿ ಹುಟ್ಟಿ ಮುಂಬಯಿಗೆ ಬಂದು ನೆಲೆಸಿದ ಸಾಧನಾ ನಾಯಕಿಯಾದಾಗ ಆಕೆಯ ಅಗಲವಾದ ಹಣೆ ಕ್ಯಾಮೆರಾಕ್ಕೆ ಒಗ್ಗಲಿಲ್ಲ. ‘ರೋಮನ್ ಹಾಲಿಡೇ’ ಚಿತ್ರದ ಆಡ್ರೆ ಹೆಪ್‌ಬರ್ನ್ ಮಾದರಿಯಲ್ಲಿ ಹಣೆಯ ಮೇಲೆ ಚಿಕ್ಕ ಕೂದಲನ್ನು ಬಿಡಿಸುವುದು ನಿರ್ದೇಶಕರು ಕಂಡುಕೊಂಡ ಉಪಾಯವಾಗಿತ್ತು. ಚಿತ್ರದ ಕತೆಯೂ ಕನ್ನಡಕ ಹಾಕಿಕೊಂಡ, ಯಾರೂ ಲೆಕ್ಕಿಸದ ಹುಡುಗಿಯೊಬ್ಬಳು ಚೆಲುವೆಯಾಗಿ ಮಾರ್ಪಡುವುದೇ ಆಗಿದ್ದರಿಂದ, ಆ ಕೂದಲು ನೋಡುಗರ ಮನಸ್ಸಿನಲ್ಲಿ ಮಾರ್ಪಾಡಿನ ಗುರುತಾಗಿಯೇ ನಿಂತಿತು. ಅದೇ ವರ್ಷ ಬಿಮಲ್ ರಾಯ್ ಅವರ ‘ಪರಖ್’ ಚಿತ್ರದಲ್ಲಿ ಸಾಧನಾ ಹಳ್ಳಿಯ ಹುಡುಗಿಯಾಗಿ ಫ್ರಿಂಜ್ ಇಲ್ಲದೆ, ಕೂದಲನ್ನು ಹಿಂದಕ್ಕೆ ಬಾಚಿ ಬಂದರು. ಒಬ್ಬಳೇ ನಟಿಯ ಹಣೆ ಒಂದೇ ವರ್ಷದಲ್ಲಿ ತೆರೆದರೆ ಹಳ್ಳಿ, ಮುಚ್ಚಿದರೆ ಪೇಟೆ ಎಂಬಂತಾಯಿತು. ‘ಸಾಧನಾ ಕಟ್’ ಎಂಬ ಹೆಸರು ಹಿಂದಿ ಬಾರದ ಊರುಗಳಿಗೂ ಹಬ್ಬಿ, ಕರ್ನಾಟಕದ ಪಟ್ಟಣಗಳಲ್ಲೂ ಹೆಂಗಸರ ಬಾಯಲ್ಲಿ ನಿಂತಿತು. ಆಗ ಹೆಣ್ಣುಮಕ್ಕಳ ಕೂದಲು ಕತ್ತರಿಸುವ ಅಂಗಡಿಗಳು ವಿರಳವಾಗಿದ್ದು, ಬೆಂಗಳೂರಿನಂಥ ನಗರಗಳಲ್ಲಿ ಚೀನೀ ಮೂಲದ ಕುಟುಂಬಗಳು ನಡೆಸುತ್ತಿದ್ದ ಪಾರ್ಲರುಗಳು ಈ ಕೆಲಸಕ್ಕೆ ಹೆಸರಾಗಿದ್ದವು; ಉಳಿದ ಕಡೆ ಸಾಧನಾ ಕಟ್ ಆಗುತ್ತಿದ್ದುದು ಮನೆಯ ಕನ್ನಡಿಯ ಮುಂದೆ, ಹೊಲಿಗೆಯ ಕತ್ತರಿಯಲ್ಲಿ, ಅಮ್ಮ ಮಲಗಿದ ಮೇಲೆ.

ಆ ಕತ್ತರಿಯಲ್ಲಿ ಅಲೆಗೂದಲಿನವರಿಗೆ ಆಗುತ್ತಿದ್ದ ಫಜೀತಿ ಒಂದೇ ಬಗೆಯದು. ನೀರು ಹಚ್ಚಿ ಬಾಚಿ ಹುಬ್ಬಿನ ಮಟ್ಟಕ್ಕೆ ಕತ್ತರಿಸಿದ ಕೂದಲು ಒಣಗಿದಾಗ ಸುರುಳಿಗೊಂಡು ಹಣೆಯ ನಡುವಿಗೆ ಏರಿ ನಿಲ್ಲುತ್ತಿತ್ತು, ಏಕೆಂದರೆ ಒದ್ದೆಯ ಭಾರಕ್ಕೆ ಹಿಗ್ಗಿದ ಅಲೆ ಭಾರ ಹೋದೊಡನೆ ಕುಗ್ಗುತ್ತದೆ, ಮತ್ತು ಕೂದಲು ಚಿಕ್ಕದಾದಷ್ಟೂ ಅದನ್ನು ಕೆಳಗೆಳೆಯುವ ಸ್ವಂತ ತೂಕ ಕಡಿಮೆಯಾಗುತ್ತದೆ. ಹಣೆ ಬೆವರುವ ಜಾಗವೂ ಆದ್ದರಿಂದ ತಲೆಯ ಬೇರೆಲ್ಲ ಕೂದಲಿಗಿಂತ ಹೆಚ್ಚು ತೇವ ಅದಕ್ಕೇ ತಗುಲುತ್ತದೆ. ಕರ್ನಾಟಕದಂಥ ಒಂದೇ ರಾಜ್ಯದೊಳಗೂ ಇದರ ಫಲ ಬೇರೆಬೇರೆ. ಬೇಸಿಗೆಯ ಕಲಬುರಗಿಯಲ್ಲಿ ಹೇಳಿದಂತೆ ಕೇಳುವ ಫ್ರಿಂಜ್ ಮಳೆಗಾಲದ ಆಟಿ ತಿಂಗಳ ಮಂಗಳೂರಿನಲ್ಲಿ ಮನೆಯ ಮೆಟ್ಟಿಲಿಳಿಯುವಷ್ಟರಲ್ಲಿ ಕೈಬಿಡುತ್ತದೆ, ಬೆಂಗಳೂರಿನಲ್ಲಿ ತೇವ ಉಳಿಸಿದ್ದನ್ನು ಸ್ಕೂಟರಿನ ಹೆಲ್ಮೆಟ್ ಅಮುಕಿಹಾಕುತ್ತದೆ.

2000ದ ದಶಕದಿಂದೀಚೆಗೆ ಪಾರ್ಲರುಗಳು ಇದಕ್ಕೆ ಕೊಟ್ಟ ಉತ್ತರ ರೀಬಾಂಡಿಂಗ್. ಹೆಸರೇ ಹೇಳುವಂತೆ ಇದು ಸಡಿಲ ಬೆಸುಗೆಗಳನ್ನು ಬಿಟ್ಟು ಗಂಧಕದ ಗಟ್ಟಿ ಬೆಸುಗೆಗಳನ್ನೇ ರಾಸಾಯನಿಕದಿಂದ ಬಿಡಿಸಿ, ಕೂದಲನ್ನು ಇಸ್ತ್ರಿಯಲ್ಲಿ ನೇರಮಾಡಿ, ಅದೇ ಸ್ಥಿತಿಯಲ್ಲಿ ಮತ್ತೆ ಬೆಸೆಯುವ ಕ್ರಮ. ಆದ್ದರಿಂದ ಮಳೆಗೂ ಬೆವರಿಗೂ ಅದು ಬಗ್ಗುವುದಿಲ್ಲ. ಕೆರಾಟಿನ್ ಚಿಕಿತ್ಸೆಯೆಂಬ ಹೆಸರಿನ ಇನ್ನೊಂದು ಬಗೆಯಲ್ಲಿ ಬಳಸುವ ಕೆಲವು ದ್ರವಗಳು ಕಾದಾಗ ಫಾರ್ಮಾಲ್ಡಿಹೈಡ್ ಎಂಬ ಹಾನಿಕಾರಕ ಅನಿಲವನ್ನು ಬಿಡುತ್ತವೆಂದು ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ 2011ರಲ್ಲಿ ಎಚ್ಚರಿಕೆ ನೀಡಿತ್ತು. ಈ ಅಪಾಯ ಗಿರಾಕಿಗಿಂತಲೂ ದಿನವಿಡೀ ಆ ಹೊಗೆಯಲ್ಲಿ ನಿಂತು ಕೆಲಸ ಮಾಡುವ ಹುಡುಗಿಯರಿಗೆ ಹೆಚ್ಚು, ಈ ಅರ್ಥದಲ್ಲಿ ಓರ್ನಾಟ್ರಿಕ್ಸಳ ಕಾಲ ಪೂರ್ತಿ ಮುಗಿದಿಲ್ಲ. ಇದಕ್ಕೆ ಎದುರಾಗಿ, ಗುಂಗುರು ಕೂದಲನ್ನು ಒದ್ದೆಮಾಡದೆ, ಒಣಗಿ ತನ್ನ ಸಹಜ ಆಕಾರದಲ್ಲಿರುವಾಗಲೇ ಒಂದೊಂದು ಸುರುಳಿಯಾಗಿ ಕತ್ತರಿಸಬೇಕೆಂಬ ಪದ್ಧತಿ 21ನೇ ಶತಮಾನದ ಆರಂಭದಲ್ಲಿ ನ್ಯೂಯಾರ್ಕಿನ ಕೇಶವಿನ್ಯಾಸಕಿ ಲೊರೇನ್ ಮ್ಯಾಸಿಯ ‘ಕರ್ಲಿ ಗರ್ಲ್’ ಪುಸ್ತಕದಿಂದ ಪ್ರಚಾರಕ್ಕೆ ಬಂದು, ಈಗ ಭಾರತದ ನಗರಗಳಲ್ಲೂ ಅದನ್ನು ಬಲ್ಲ ಕೈಗಳಿವೆ. ಈ ಪದ್ಧತಿಯವರು ಮನೆಯಲ್ಲೇ ಮಾಡಿಕೊಳ್ಳುವ ಜೆಲ್ ಅಗಸೆ ಬೀಜದ್ದು. ಎರಡು ಚಮಚ ಬೀಜವನ್ನು ಒಂದು ದೊಡ್ಡ ಲೋಟ ನೀರಿನಲ್ಲಿ ಕುದಿಸಿ, ನೀರು ಮೊಟ್ಟೆಯ ಬಿಳಿಯಷ್ಟು ಎಳೆಯಾಗುತ್ತಿರುವಾಗಲೇ, ಬಿಸಿಯಾಗಿರುವಂತೆಯೇ ತೆಳುಬಟ್ಟೆಯಲ್ಲಿ ಸೋಸಬೇಕು, ಆರಿದರೆ ಲೋಳೆ ಬೀಜವನ್ನು ಬಿಟ್ಟು ಬರುವುದಿಲ್ಲ. ವಿಕ್ಟೋರಿಯಾ ಕಾಲದ ಬ್ಯಾಂಡೊಲಿನ್ನಿಗೂ ಇದಕ್ಕೂ ಬೀಜವೊಂದೇ ವ್ಯತ್ಯಾಸ. ಧಾರವಾಡ, ವಿಜಯಪುರದ ಕಡೆಯ ಅಡಿಗೆಮನೆಗಳಲ್ಲಿ ರೊಟ್ಟಿಯ ಜೊತೆಗೆ ಅಗಸಿ ಹಿಂಡಿಯಾಗಿ ಕುಟ್ಟಿಸಿಕೊಳ್ಳುತ್ತಿದ್ದ ಕಾಳು ಹೀಗೆ ಕನ್ನಡಿಯ ಮುಂದಿನ ಕಪಾಟಿಗೂ ಬಂದಿದೆ.

ಒಣ ಕತ್ತರಿಯ ಕೆಲಸಗಾರರು ಅಲೆಗೂದಲಿನ ಫ್ರಿಂಜಿಗೆ ಹಿಡಿಯುವ ಅಳತೆ ಹುಬ್ಬಲ್ಲ, ಎಳೆದಾಗ ಮೂಗಿನ ನಡುವಿಗೋ ತುದಿಗೋ ಬರುವ ಉದ್ದ. ಬಿಟ್ಟೊಡನೆ ಅದು ಹುಬ್ಬಿನ ಹತ್ತಿರಕ್ಕೆ ತಾನೇ ಏರಿ ಕೂರುತ್ತದೆ. ರೀಬಾಂಡಿಂಗ್ ಮಾಡಿಸಿದವರ ಲೆಕ್ಕ ಬೇರೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಷ್ಟು ಬೆಳೆಯುವುದರಿಂದ ಮೂರು ತಿಂಗಳಲ್ಲಿ ಬುಡದ ಎರಡು ಬೆರಳಗಲ ಮತ್ತೆ ಅಲೆಯಾಗಿ, ತುದಿ ಮಾತ್ರ ಕಡ್ಡಿಯಂತೆ ನೇರವಾಗಿ ಉಳಿಯುತ್ತದೆ; ಉದ್ದ ಜಡೆಯಲ್ಲಿ ವರ್ಷವಾದರೂ ಕಾಣದ ಈ ವ್ಯತ್ಯಾಸ ಗಿಡ್ಡ ಫ್ರಿಂಜಿನಲ್ಲಿ ಎಲ್ಲಕ್ಕಿಂತ ಮೊದಲು ಎದುರಿಗೆ ಬರುತ್ತದೆ, ಆಗ ಕೆಲವರು ಮತ್ತೆ ಪಾರ್ಲರಿಗೆ ಹೋಗಿ ನೇರಮಾಡಿಸುತ್ತಾರೆ, ಕೆಲವರು ನೇರವಾದ ಆ ತುದಿಯನ್ನು ಕತ್ತರಿಸಿ ಹಾಕಿ ಬುಡದಿಂದ ಬಂದ ಮುಂಗುರುಳನ್ನು ಹಾಗೇ ಬಿಡುತ್ತಾರೆ.